ಎಮ್‌ಆರ್‌ಐ ರಿಪೋರ್ಟ್ ನಾರ್ಮಲ್, ಆದರೂ ಮಿದುಳಿನಲ್ಲಿ ವ್ಯತ್ಯಾಸವಿದೆ: ತೀವ್ರ ಬೈಪೋಲಾರ್ ಬಗ್ಗೆ

ಮನಸ್ಸು ಉನ್ಮಾದಕ್ಕೂ (ಅತಿಯಾದ ಉತ್ಸಾಹ, ಹುರುಪು) ಖಿನ್ನತೆಗೂ ತೂಗಾಡುವ ಬೈಪೋಲಾರ್ ಕಾಯಿಲೆ ತೀವ್ರವಾಗಿರುವವರ ಮಿದುಳಿನ ಎಮ್‌ಆರ್‌ಐ ತೆಗೆಸಿದರೆ ಸಾಮಾನ್ಯವಾಗಿ ರಿಪೋರ್ಟಿನ ಕೊನೆಯಲ್ಲಿ ‘ಗಮನಿಸಬೇಕಾದ ದೋಷವೇನೂ ಇಲ್ಲ’ ಎಂಬ ಸಾಲೇ ಇರುತ್ತದೆ. ಅದನ್ನು ಓದಿ ಕೆಲವು ಮನೆಯವರು, ‘ಮಿದುಳು ಸರಿಯಾಗಿದೆಯಲ್ಲ, ಅಂದಮೇಲೆ ಇದು ಕಾಯಿಲೆಯೇ ಅಲ್ಲ, ಮನಸ್ಸು ಗಟ್ಟಿ ಮಾಡಿಕೊಂಡರೆ ಆಯಿತು’ ಎಂಬ ತೀರ್ಮಾನಕ್ಕೆ ಬರುತ್ತಾರೆ. ಇನ್ನು ಕೆಲವರು ‘ಬೈಪೋಲಾರ್ ಬಂದರೆ ಮಿದುಳು ಕುಗ್ಗುತ್ತದೆ’ ಎಂದು ಎಲ್ಲೋ ಓದಿರುತ್ತಾರೆ. ಅವರಿಗೆ ನಾರ್ಮಲ್ ರಿಪೋರ್ಟ್ ಕೈಯಲ್ಲಿದ್ದರೂ ನಿದ್ದೆ ಬರುವುದಿಲ್ಲ. ಎರಡೂ ತಪ್ಪು ಓದು. ಈ ಕಾಯಿಲೆಯಲ್ಲಿ ಮಿದುಳಿನ ರಚನೆಯ ವ್ಯತ್ಯಾಸ ನಿಜ, ಸಾವಿರಾರು ಜನರ ಸ್ಕ್ಯಾನ್‌ಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಆದರೆ ಅದು ಸರಾಸರಿಯ ವ್ಯತ್ಯಾಸ, ಬಹಳ ಸಣ್ಣದು, ಒಬ್ಬ ವ್ಯಕ್ತಿಯ ಫಿಲ್ಮಿನಲ್ಲಿ ಕಣ್ಣಿಗೆ ಸಿಗುವಂಥದ್ದಲ್ಲ.

ತೀವ್ರ ಎಂದಾಗ ನಾನು ಹೇಳುತ್ತಿರುವುದು ಮುಖ್ಯವಾಗಿ ಬೈಪೋಲಾರ್ ಒಂದನೇ ಬಗೆಯನ್ನು: ಕನಿಷ್ಠ ಒಂದು ವಾರ ನಡೆಯುವ, ಅಥವಾ ಆಸ್ಪತ್ರೆಗೆ ಸೇರಿಸಲೇಬೇಕಾಗುವ ಮಟ್ಟದ ಉನ್ಮಾದ ಬಂದಿರುವುದು. ಅದರ ಜತೆಗೆ ಭ್ರಮೆಗಳು, ಮತ್ತೆ ಮತ್ತೆ ಮರುಕಳಿಸುವ ಕಂತುಗಳು (ಉನ್ಮಾದದ ಅಥವಾ ಖಿನ್ನತೆಯ ಅವಧಿಗಳು), ಎರಡು ಕಂತುಗಳ ನಡುವೆಯೂ ಪೂರ್ತಿ ಚೇತರಿಸಿಕೊಳ್ಳಲಾಗದ ಸ್ಥಿತಿ ಸೇರಿದರೆ ತೀವ್ರತೆ ಇನ್ನೂ ಹೆಚ್ಚು.

ಬಹಳ ಕಾಲ ಈ ವಿಷಯದಲ್ಲಿ ಗೊಂದಲವೇ ಇತ್ತು. ಒಂದೊಂದು ಅಧ್ಯಯನದಲ್ಲೂ ಇಪ್ಪತ್ತೋ ಮೂವತ್ತೋ ರೋಗಿಗಳು, ಒಂದೊಂದು ಕಡೆ ಒಂದೊಂದು ಯಂತ್ರ, ಒಂದೊಂದು ಅಳತೆಯ ವಿಧಾನ. ಭಯ ಮತ್ತು ಭಾವನೆಗೆ ಸಂಬಂಧಿಸಿದ ಬಾದಾಮಿಯಾಕಾರದ ಭಾಗ ಅಮಿಗ್ಡಲಾ ದೊಡ್ಡದಾಗಿದೆ ಎಂದು ಒಬ್ಬರು ಬರೆದರೆ ಚಿಕ್ಕದಾಗಿದೆ ಎಂದು ಇನ್ನೊಬ್ಬರು ಬರೆಯುತ್ತಿದ್ದರು. ಸಣ್ಣ ವ್ಯತ್ಯಾಸವನ್ನು ಸಣ್ಣ ಗುಂಪಿನಲ್ಲಿ ಹುಡುಕಿದರೆ ಆಗುವುದೇ ಹೀಗೆ. ಎನಿಗ್ಮಾ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಕೂಟ ಹಲವು ದೇಶಗಳ ಸ್ಕ್ಯಾನ್‌ಗಳನ್ನು ಒಂದೇ ವಿಧಾನದಲ್ಲಿ ಅಳೆಯಲು ಶುರುಮಾಡಿದ ಮೇಲೆ ಚಿತ್ರ ತಿಳಿಯಾಯಿತು. 2016ರಲ್ಲಿ ಬಂದ ಅವರ ವಿಶ್ಲೇಷಣೆಯಲ್ಲಿ ಬೈಪೋಲಾರ್ ಇರುವ 1,710 ಜನ, ಇಲ್ಲದ 2,594 ಜನ ಇದ್ದರು. ಮಿದುಳಿನ ಒಳಭಾಗದಲ್ಲಿ ಮೂರು ಸಂಗತಿಗಳು ಗಟ್ಟಿಯಾಗಿ ನಿಂತವು. ನೆನಪಿನ ಕೆಲಸಕ್ಕೆ ಬೇಕಾದ ಹಿಪೊಕ್ಯಾಂಪಸ್ ಸರಾಸರಿಯಲ್ಲಿ ಚಿಕ್ಕದು. ಇಂದ್ರಿಯಗಳ ಮಾಹಿತಿಯನ್ನು ಮಿದುಳಿನ ಹೊರಪದರವಾದ ತೊಗಟೆಗೆ ಹಂಚುವ ಥಲಾಮಸ್ ಸ್ವಲ್ಪ ಚಿಕ್ಕದು. ಮಿದುಳಿನೊಳಗೆ ದ್ರವ ತುಂಬಿರುವ ಪಾರ್ಶ್ವ ಕುಹರಗಳು ದೊಡ್ಡವು. ಕುಹರ ತಾನಾಗಿ ಬೆಳೆಯುವ ಅಂಗವಲ್ಲ. ಸುತ್ತಲಿನ ಅಂಗಾಂಶ ಕಡಿಮೆಯಾದಷ್ಟೂ ಅದು ಅಗಲವಾಗುತ್ತದೆ.

ಎಷ್ಟು ಚಿಕ್ಕದು, ಎಷ್ಟು ದೊಡ್ಡದು? ಇಲ್ಲಿ ಆತುರಪಡಬಾರದು. ಎರಡು ಗುಂಪುಗಳ ಸರಾಸರಿ ಎಷ್ಟು ದೂರ ಇವೆ ಎಂಬುದನ್ನು ಕೋಹೆನ್ ಅವರ ‘ಡಿ’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಹಿಪೊಕ್ಯಾಂಪಸ್‌ಗೆ ಅದು ಸುಮಾರು 0.23, ಥಲಾಮಸ್‌ಗೆ 0.15, ಕುಹರಗಳಿಗೆ 0.26. ಈ 0.23ನ್ನು ಬಿಡಿಸಿ ಹೇಳಿದರೆ: ಎರಡೂ ಗುಂಪುಗಳ ಅಳತೆಗಳನ್ನು ಒಂದರ ಮೇಲೊಂದು ಇಟ್ಟರೆ ಶೇ. 91ರಷ್ಟು ಭಾಗ ಒಂದರೊಳಗೊಂದು ಸೇರಿಹೋಗುತ್ತದೆ. ಬೈಪೋಲಾರ್ ಇರುವ ಒಬ್ಬರನ್ನೂ ಇಲ್ಲದ ಒಬ್ಬರನ್ನೂ ಕಣ್ಣುಮುಚ್ಚಿ ಆರಿಸಿ ಜೋಡಿ ಮಾಡುತ್ತ ಹೋದರೆ, 100 ಜೋಡಿಗಳಲ್ಲಿ ಸುಮಾರು 56ರಲ್ಲಿ ಕಾಯಿಲೆ ಇರುವವರ ಹಿಪೊಕ್ಯಾಂಪಸ್ ಚಿಕ್ಕದಿರುತ್ತದೆ, ಉಳಿದ 44ರಲ್ಲಿ ಅವರದ್ದೇ ದೊಡ್ಡದು. ಏನೂ ವ್ಯತ್ಯಾಸವಿಲ್ಲದಿದ್ದರೆ 50 ಬರಬೇಕಿತ್ತು. ‘ಬೈಪೋಲಾರ್ ಇರುವವರ ಹಿಪೊಕ್ಯಾಂಪಸ್ ಕುಗ್ಗಿದೆ’ ಎಂಬ ತಲೆಬರಹದ ಹಿಂದೆ ಇರುವುದು ಈ 50 ಮತ್ತು 56ರ ನಡುವಿನ ಅಂತರ. ಅದೇ ಕೂಟದವರು ಬೇರೆ ಕಾಯಿಲೆಗಳಲ್ಲಿ ಅಳೆದಾಗ ಹಿಪೊಕ್ಯಾಂಪಸ್‌ನ ಈ ಅಂಕಿ ಸ್ಕಿಜೋಫ್ರೇನಿಯಾದಲ್ಲಿ ಸುಮಾರು 0.46, ಉನ್ಮಾದವಿಲ್ಲದ ತೀವ್ರ ಖಿನ್ನತೆಯಲ್ಲಿ 0.14. ಬೈಪೋಲಾರ್ ಈ ಎರಡರ ನಡುವೆ ಬರುತ್ತದೆ.

ತೊಗಟೆಯ ಕಥೆ ಇದಕ್ಕಿಂತ ವಿವರವಾದದ್ದು. ಮಿದುಳಿನ ತೊಗಟೆ ಅಥವಾ ಕಾರ್ಟೆಕ್ಸ್ ಎಂದರೆ ಮೇಲ್ಮೈಯ ಬೂದು ಪದರ. ಸರಾಸರಿ ದಪ್ಪ ಸುಮಾರು 2.5 ಮಿಲಿಮೀಟರ್. ಅಳೆಯುವ ತಂತ್ರಾಂಶ ಒಂದೊಂದು ಪಕ್ಕದ ತೊಗಟೆಯನ್ನು 34 ಪ್ರದೇಶಗಳಾಗಿ ವಿಂಗಡಿಸಿ ಪ್ರತಿಯೊಂದರ ದಪ್ಪ ಮತ್ತು ಹರವನ್ನು ಬೇರೆ ಬೇರೆಯಾಗಿ ಕೊಡುತ್ತದೆ. 2018ರ ಎನಿಗ್ಮಾ ವರದಿಯಲ್ಲಿ ಮುಂಭಾಗ, ಕಪೋಲ ಭಾಗ (ಕಿವಿಯ ಬಳಿಯ ಟೆಂಪೊರಲ್ ಭಾಗ), ನೆತ್ತಿಯ ಭಾಗ ಮೂರರಲ್ಲೂ ಎರಡೂ ಪಕ್ಕಗಳಲ್ಲಿ ತೊಗಟೆ ತೆಳುವಾಗಿತ್ತು. ಹೆಚ್ಚು ಎದ್ದು ಕಂಡದ್ದು ಎಡಪಕ್ಕದ ಮೂರು ಪ್ರದೇಶ: ಮುಂಭಾಗದ ಕೆಳಮಡಿಕೆಯಲ್ಲಿರುವ ಪಾರ್ಸ್ ಆಪರ್‌ಕ್ಯುಲಾರಿಸ್, ಕಪೋಲ ಭಾಗದ ಅಡಿಯಲ್ಲಿರುವ ಫ್ಯೂಸಿಫಾರ್ಮ್ ಮಡಿಕೆ, ಮತ್ತು ಮುಂಭಾಗದ ನಡುಮಡಿಕೆಯ ಮುಂತುದಿ. ಮೂರರಲ್ಲೂ ಅಂಕಿ 0.28, 0.29ರ ಆಸುಪಾಸು. ಲೆಕ್ಕ ಹಾಕಿದರೆ ಇದು ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ರೇಡಿಯಾಲಜಿಸ್ಟ್ ಎಷ್ಟೇ ಅನುಭವಿಯಾದರೂ ಬರಿಗಣ್ಣಿಗೆ ಇದು ದಕ್ಕುವುದಿಲ್ಲ. ರಿಪೋರ್ಟ್ ನಾರ್ಮಲ್ ಎಂದು ಬರುವುದು ಅದಕ್ಕೇ. ಅವರು ಏನನ್ನೋ ಬಿಟ್ಟುಬಿಟ್ಟರೆಂದಲ್ಲ.

ಈ ಪ್ರದೇಶಗಳ ಕೆಲಸವನ್ನು ನೋಡಿದರೆ ಕಾಯಿಲೆಯ ಲಕ್ಷಣಗಳ ಜತೆ ಒಂದು ಹೊಂದಿಕೆ ಕಾಣುತ್ತದೆ. ಮುಂಭಾಗದ ಕೆಳಮಡಿಕೆ ಕೈಗೆ, ಬಾಯಿಗೆ ಬಂದದ್ದನ್ನು ತಡೆದು ನಿಲ್ಲಿಸುವ ಜಾಲದ ಭಾಗ. ನಡುಮಡಿಕೆ ಯೋಜನೆ, ಗಮನ, ಮನಸ್ಸಿನಲ್ಲಿ ಒಂದಷ್ಟು ವಿಷಯ ಹಿಡಿದಿಟ್ಟುಕೊಂಡು ಕೆಲಸ ಮಾಡುವುದಕ್ಕೆ ಬೇಕು. ಫ್ಯೂಸಿಫಾರ್ಮ್ ಮುಖಗಳನ್ನು ಗುರುತಿಸುವಲ್ಲಿ ಪಾಲ್ಗೊಳ್ಳುತ್ತದೆ. ಉನ್ಮಾದದಲ್ಲಿ ಲಗಾಮು ತಪ್ಪುವ ಮಾತು ಮತ್ತು ಖರ್ಚು, ಕಂತು ಇಳಿದ ಮೇಲೂ ಉಳಿಯುವ ಗಮನದ ತೊಂದರೆ ನೆನಪಿಗೆ ಬರುವುದು ಸಹಜ. ಆದರೆ ‘ಈ ಭಾಗ ತೆಳುವಾಯಿತು, ಆದ್ದರಿಂದ ಆ ಲಕ್ಷಣ ಬಂತು’ ಎಂದು ನೇರ ಗೆರೆ ಎಳೆಯುವವರನ್ನು ನಾನು ನಂಬುವುದಿಲ್ಲ. ಮಿದುಳಿನ ಯಾವ ಭಾಗವೂ ಒಂದೇ ಕೆಲಸ ಮಾಡುವುದಿಲ್ಲ.

ಭ್ರಮೆಗಳು ಬಂದಿರುವ ತೀವ್ರ ರೂಪದಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಅದೇ ವರದಿಯಲ್ಲಿ, ಸೈಕೋಸಿಸ್‌ನ, ಅಂದರೆ ಇಂಥ ಭ್ರಮೆಗಳ, ಇತಿಹಾಸ ಇರುವವರಲ್ಲಿ ತೊಗಟೆಯ ಹರವು ಕಡಿಮೆ ಇತ್ತು. ದಪ್ಪ ಮತ್ತು ಹರವು ಬೇರೆ ಬೇರೆ ಸಂಗತಿ. ಹರವು ಬಹುಮಟ್ಟಿಗೆ ಹುಟ್ಟುವ ಮೊದಲು ಮತ್ತು ಬಾಲ್ಯದಲ್ಲಿ ನಿರ್ಧಾರವಾಗುತ್ತದೆ; ದಪ್ಪ ಜೀವನವಿಡೀ ಬದಲಾಗುತ್ತಿರುತ್ತದೆ. ಹಾಗಾಗಿ ಭ್ರಮೆ ಸಹಿತ ಬೈಪೋಲಾರ್‌ಗೆ ಮಿದುಳಿನ ಆರಂಭಿಕ ಬೆಳವಣಿಗೆಯ ಎಳೆಯೊಂದು ಇರಬಹುದು ಎಂಬ ಊಹೆ ಅಸಂಗತವಲ್ಲ, ಊಹೆಯೇ ಆದರೂ. ಸ್ಕ್ಯಾನ್ ಮಾಡಿದ ದಿನ ವ್ಯಕ್ತಿ ಉನ್ಮಾದದಲ್ಲಿದ್ದರೋ ಖಿನ್ನತೆಯಲ್ಲಿದ್ದರೋ ಎಂಬುದಕ್ಕೂ ತೊಗಟೆಯ ಅಳತೆಗೂ ಸಂಬಂಧ ಸಿಗಲಿಲ್ಲ. ಇದೂ ಗಮನಿಸಬೇಕಾದ ಮಾತು.

ತೆಳುವಾಗಿದೆ ಎಂದ ತಕ್ಷಣ ‘ನರಕೋಶಗಳು ಸತ್ತಿವೆ’ ಎಂದುಕೊಳ್ಳಬೇಡಿ. 1998ರಲ್ಲಿ, ಮರಣಾನಂತರ ದಾನವಾಗಿ ಬಂದ ಮಿದುಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದ ಒಂದು ಹೆಸರಾಂತ ಅಧ್ಯಯನ ಬಂತು. ಹಣೆಯ ಹಿಂದೆ, ಕೆಳಗೆ, ನಡುಗೆರೆಯ ಪಕ್ಕದಲ್ಲಿರುವ ಸಬ್‌ಜೆನ್ಯುಯಲ್ ಪ್ರದೇಶದಲ್ಲಿ, ಕುಟುಂಬದಲ್ಲೂ ಮನೋಸ್ಥಿತಿಯ ಕಾಯಿಲೆ ಇದ್ದ ಬೈಪೋಲಾರ್ ಮತ್ತು ಖಿನ್ನತೆಯ ರೋಗಿಗಳಲ್ಲಿ ಕಡಿಮೆಯಾಗಿದ್ದದ್ದು ನರಕೋಶಗಳಲ್ಲ, ಅವುಗಳಿಗೆ ಆಸರೆಯಾಗಿ ಪೋಷಣೆ ಕೊಡುವ ಗ್ಲಿಯಾ ಕೋಶಗಳು. ನರಕೋಶಗಳ ಕವಲುಗಳು, ಅವುಗಳ ನಡುವಿನ ಬೆಸುಗೆಗಳು, ಗ್ಲಿಯಾ, ನೀರಿನ ಅಂಶ, ಇವೆಲ್ಲವೂ ಸೇರಿ ಎಮ್‌ಆರ್‌ಐ ಕೊಡುವ ದಪ್ಪ. ಅದು ಕಡಿಮೆಯಾಗಬಹುದು, ಮತ್ತೆ ಏರಲೂಬಹುದು.

ಬಿಳಿ ದ್ರವ್ಯ, ಅಂದರೆ ಮಿದುಳಿನ ಭಾಗಗಳನ್ನು ಒಂದಕ್ಕೊಂದು ಜೋಡಿಸುವ ನರತಂತುಗಳ ಕಟ್ಟು, ನನ್ನ ಪ್ರಕಾರ ಈ ಕಾಯಿಲೆಯಲ್ಲಿ ಹೆಚ್ಚು ಗಮನ ಪಡೆಯಬೇಕಾದ ಭಾಗ. ನೀರಿನ ಅಣುಗಳು ತಂತುವಿನ ಉದ್ದಕ್ಕೆ ಸುಲಭವಾಗಿ, ಅಡ್ಡಕ್ಕೆ ಕಷ್ಟದಿಂದ ಹರಿಯುತ್ತವೆ. ಈ ಒಲವು ಎಷ್ಟಿದೆ ಎಂಬುದನ್ನು ಡಿಫ್ಯೂಷನ್ ಎಮ್‌ಆರ್‌ಐ ಅಳೆಯುತ್ತದೆ. ಒಲವು ಕಡಿಮೆಯಾದರೆ ತಂತುಗಳ ಜೋಡಣೆಯಲ್ಲೋ, ಅವುಗಳ ಮೈಲಿನ್ ಹೊದಿಕೆಯಲ್ಲೋ ವ್ಯತ್ಯಾಸ ಇರಬಹುದು ಎಂದರ್ಥ. ಬೈಪೋಲಾರ್ ಇರುವ 1,482 ಮತ್ತು ಇಲ್ಲದ 1,551 ಜನರ ಹೋಲಿಕೆ 2019ರಲ್ಲಿ ಪ್ರಕಟವಾಯಿತು. ಈ ಅಳತೆ ಮಿದುಳಿನ ಉದ್ದಗಲಕ್ಕೂ ಕಡಿಮೆಯಿತ್ತು. ಅತಿ ಹೆಚ್ಚು ಕಂಡದ್ದು ಎಡ ಬಲ ಮಿದುಳುಗಳನ್ನು ಸೇರಿಸುವ ಕಾರ್ಪಸ್ ಕಲೋಸಮ್‌ನಲ್ಲಿ ಮತ್ತು ಭಾವನೆಯ ಜಾಲವನ್ನು ಮುಂಭಾಗಕ್ಕೆ ಹೆಣೆಯುವ ಸಿಂಗ್ಯುಲಮ್ ಕಟ್ಟಿನಲ್ಲಿ. ಬಿಡಿ ಬಿಡಿ ಭಾಗಗಳಿಗಿಂತ ಅವುಗಳ ನಡುವಿನ ಮಾತುಕತೆಯಲ್ಲಿ ತೊಡಕಿದೆ ಎಂಬ ವಿವರಣೆಗೆ ಇದು ಬಲ ಕೊಡುತ್ತದೆ.

ಸಾಮಾನ್ಯ ಸ್ಕ್ಯಾನಿನಲ್ಲೂ ಕಣ್ಣಿಗೆ ಬೀಳಬಹುದಾದದ್ದು ಬಿಳಿ ದ್ರವ್ಯದೊಳಗಿನ ಹೊಳೆಯುವ ಚುಕ್ಕೆಗಳು. ಬೈಪೋಲಾರ್ ಇರುವವರಲ್ಲಿ ಇವು ಹೆಚ್ಚು ಕಾಣಿಸುತ್ತವೆ. ಆದರೆ ವಯಸ್ಸು, ಅಧಿಕ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಮೈಗ್ರೇನ್ ಇದ್ದರೂ ಅವೇ ಚುಕ್ಕೆಗಳು ಬರುತ್ತವೆ. ರಿಪೋರ್ಟಿನಲ್ಲಿ ಈ ಮಾತು ಕಂಡರೆ ಮೊದಲು ಮಾಡಬೇಕಾದ್ದು ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ನೋಡಿಸುವುದು. ಅಲ್ಲಿ ಸರಿಪಡಿಸಲಾಗುವ ಏನಾದರೂ ಸಿಗುವ ಸಾಧ್ಯತೆ ಇರುತ್ತದೆ.

ಅಳತೆ ಹೇಗೆ ತಪ್ಪುತ್ತದೆ ಎಂಬುದೂ ತಿಳಿದಿರಲಿ. ತೊಗಟೆಯನ್ನು ಅಳೆಯುವ ಎಮ್‌ಆರ್‌ಐ ಚಿತ್ರದ ಅತಿ ಸಣ್ಣ ಘಟಕದ ಗಾತ್ರ ಸಾಮಾನ್ಯವಾಗಿ ಒಂದು ಘನ ಮಿಲಿಮೀಟರ್. ಅದರಿಂದ ಮಿಲಿಮೀಟರಿನ ನೂರರ ಪಾಲನ್ನು ತಂತ್ರಾಂಶ ಅಂದಾಜು ಮಾಡಿ ತೆಗೆಯಬೇಕು. ಸ್ಕ್ಯಾನ್ ವೇಳೆ ತಲೆ ಅಲುಗಾಡಿದರೆ ಬೂದು ದ್ರವ್ಯ ಇರುವುದಕ್ಕಿಂತ ಕಡಿಮೆ, ತೊಗಟೆ ಇರುವುದಕ್ಕಿಂತ ತೆಳು ಎಂದು ಬರುತ್ತದೆ. ಉನ್ಮಾದದಲ್ಲಿರುವವರಿಗೆ, ಔಷಧದಿಂದ ಕೈಕಾಲಿಗೆ ಚಡಪಡಿಕೆ ಬಂದವರಿಗೆ ಅಲುಗಾಡದೆ ಮಲಗುವುದು ಎಷ್ಟು ಕಷ್ಟ ಎಂದು ಯೋಚಿಸಿ. ಅಲುಗಾಟದಿಂದ ಬಂದ ದೋಷ ಕಾಯಿಲೆಯ ಗುರುತಿನಂತೆಯೇ ಕಾಣುತ್ತದೆ! ದೇಹದಲ್ಲಿ ನೀರಿನ ಅಂಶ ಕಡಿಮೆಯಾದರೂ ಮಿದುಳಿನ ಗಾತ್ರದ ಅಳತೆ ತುಸು ಬದಲಾಗುತ್ತದೆ. ಯಂತ್ರ 1.5 ಟೆಸ್ಲಾದ್ದೋ 3 ಟೆಸ್ಲಾದ್ದೋ (ಟೆಸ್ಲಾ ಅಂದರೆ ಕಾಂತಬಲದ ಅಳತೆ), ಯಾವ ಕಂಪನಿಯದ್ದು, ತಂತ್ರಾಂಶದ ಯಾವ ಆವೃತ್ತಿ, ಇವೆಲ್ಲವೂ ಅಂಕಿಯನ್ನು ಏರಿಳಿಸುತ್ತವೆ. ಒಂದು ಕಡೆ ತೆಗೆಸಿದ ಸ್ಕ್ಯಾನನ್ನು ಎರಡು ವರ್ಷದ ನಂತರ ಇನ್ನೊಂದು ಕಡೆ ತೆಗೆಸಿದ್ದರ ಜತೆ ಹೋಲಿಸಿ ‘ಇಷ್ಟು ಕುಗ್ಗಿದೆ’ ಎಂದರೆ ಒಪ್ಪಿಕೊಳ್ಳಬೇಡಿ.

ಈಗ ಎಲ್ಲರೂ ಕೇಳುವ ಪ್ರಶ್ನೆ: ಈ ವ್ಯತ್ಯಾಸ ಕಾಯಿಲೆಗೆ ಕಾರಣವೋ, ಕಾಯಿಲೆಯ ಪರಿಣಾಮವೋ? ಒಂದೇ ಉತ್ತರ ಸಾಲದು. ರೋಗಿಗಳ ಒಡಹುಟ್ಟಿದವರು, ಮಕ್ಕಳು, ತಂದೆ ತಾಯಿಯರನ್ನು ಅಳೆದು ನೋಡಿದ್ದಾರೆ. ಸ್ಕಿಜೋಫ್ರೇನಿಯಾ ಇರುವವರ ಹತ್ತಿರದ ಸಂಬಂಧಿಕರಲ್ಲಿ ಮಿದುಳಿನ ಅಳತೆಗಳು ಸ್ವಲ್ಪ ಕಡಿಮೆ ಬಂದರೆ, ಬೈಪೋಲಾರ್ ಇರುವವರ ಹತ್ತಿರದ ಸಂಬಂಧಿಕರಲ್ಲಿ ತಲೆಬುರುಡೆಯ ಒಳಗಾತ್ರ ಸರಾಸರಿಗಿಂತ ತುಸು ಹೆಚ್ಚೇ ಇತ್ತು. ಅಂದರೆ ವಂಶದಲ್ಲಿ ಹರಿದುಬರುವ ಅಪಾಯ ಮತ್ತು ರೋಗಿಯಲ್ಲಿ ಕಾಣುವ ತೆಳುವಾಗುವಿಕೆ ಒಂದೇ ವಸ್ತುವಲ್ಲ. ಇನ್ನೊಂದು ದಾರಿ ಎಂದರೆ ಅದೇ ಜನರನ್ನು ವರ್ಷಗಟ್ಟಲೆ ಬಿಟ್ಟು ಮತ್ತೆ ಸ್ಕ್ಯಾನ್ ಮಾಡುವುದು. ಬೈಪೋಲಾರ್ ಇರುವ 307 ಮತ್ತು ಇಲ್ಲದ 925 ಜನರನ್ನು ಹೀಗೆ ಹಿಂಬಾಲಿಸಿದಾಗ ಅನೇಕರು ನಿರೀಕ್ಷಿಸಿದ್ದ ಫಲಿತಾಂಶ ಬರಲಿಲ್ಲ. ಒಟ್ಟು ಗುಂಪಾಗಿ ನೋಡಿದರೆ ರೋಗಿಗಳ ತೊಗಟೆ ಬೇರೆಯವರದ್ದಕ್ಕಿಂತ ಬೇಗ ತೆಳುವಾಗಲಿಲ್ಲ. ಒಂದೆರಡು ಪ್ರದೇಶಗಳಲ್ಲಿ ನಿಧಾನವಾಗಿಯೇ ತೆಳುವಾಯಿತು. ಕುಹರಗಳು ಮಾತ್ರ ಬೇಗ ಅಗಲವಾದವು. ಆದರೆ ಆ ಅವಧಿಯಲ್ಲಿ ಉನ್ಮಾದದ ಕಂತುಗಳು ಹೆಚ್ಚಾಗಿ ಬಂದವರಲ್ಲಿ ಮಾತ್ರ ಮುಂಭಾಗದ ತೊಗಟೆ ಬೇಗ ತೆಳುವಾಗುತ್ತ ಹೋಗಿತ್ತು.

ಈ ಕೊನೆಯ ಸಾಲನ್ನು ನಾನು ಬಹಳ ಮುಖ್ಯ ಎಂದುಕೊಂಡಿದ್ದೇನೆ. ಬೈಪೋಲಾರ್ ಎಂಬ ಹೆಸರು ಅಂಟಿದ ಕಾರಣಕ್ಕೇ ಮಿದುಳು ಕರಗುತ್ತ ಹೋಗುವುದಿಲ್ಲ. ಮತ್ತೆ ಮತ್ತೆ ಬರುವ ಉನ್ಮಾದಕ್ಕೂ ತೆಳುವಾಗುವುದಕ್ಕೂ ನಂಟಿದೆ. ಉನ್ಮಾದವೇ ಅದಕ್ಕೆ ಕಾರಣ ಎಂದು ಈ ಬಗೆಯ ಅಧ್ಯಯನ ಸಾಬೀತು ಮಾಡಲಾರದು, ನಿಜ. ಹಾಗಿದ್ದರೂ ಕಂತು ತಡೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಇನ್ನೊಂದು ಕಾರಣ ಬೇಕಿಲ್ಲ.

ಲಿಥಿಯಂ ಎಂಬ ಔಷಧ ಇಲ್ಲಿ ಬರುತ್ತದೆ. 1949ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಉನ್ಮಾದಕ್ಕೆ ಇದನ್ನು ಕೊಟ್ಟು ಫಲಿತಾಂಶ ಪ್ರಕಟಿಸಿದಾಗ ಎಮ್‌ಆರ್‌ಐ ಯಂತ್ರಗಳೇ ಇರಲಿಲ್ಲ. 2000ದಲ್ಲಿ 10 ರೋಗಿಗಳಿಗೆ ನಾಲ್ಕು ವಾರ ಲಿಥಿಯಂ ಕೊಟ್ಟು ಮೊದಲೂ ನಂತರವೂ ಸ್ಕ್ಯಾನ್ ಮಾಡಿದರು. 8 ಜನರಲ್ಲಿ ಬೂದು ದ್ರವ್ಯ ಹೆಚ್ಚಿತು, ಸರಾಸರಿ ಶೇ. 3ರಷ್ಟು. ಇದು ನೀರಿನ ಆಟವೋ, ಲಿಥಿಯಂ ಎಮ್‌ಆರ್‌ಐ ಸಂಕೇತವನ್ನೇ ಬದಲಿಸಿತೋ ಎಂಬ ಸಂದೇಹ ಆಗಿನಿಂದ ಇದ್ದೇ ಇದೆ, ಮತ್ತು ಅದು ನ್ಯಾಯವಾದ ಸಂದೇಹ. ಆದರೆ ನಂತರದ ದೊಡ್ಡ ಅಧ್ಯಯನಗಳೂ ಅದೇ ದಿಕ್ಕನ್ನೇ ತೋರಿಸಿದವು: ಲಿಥಿಯಂ ತೆಗೆದುಕೊಳ್ಳುವವರಲ್ಲಿ ತೊಗಟೆ ಹೆಚ್ಚು ದಪ್ಪ, ಬಿಳಿ ದ್ರವ್ಯದ ಅಳತೆ ಉತ್ತಮ. ಕೋಶದೊಳಗೆ ಅದು ಜಿಎಸ್‌ಕೆ-3 ಎಂಬ ಕಿಣ್ವವನ್ನು ತಡೆಯುತ್ತದೆ, ಕೋಶಗಳನ್ನು ಕಾಪಾಡುವ ಪ್ರೋಟೀನುಗಳನ್ನು ಹೆಚ್ಚಿಸುತ್ತದೆ ಎಂಬುದು ಪ್ರಯೋಗಶಾಲೆಯಲ್ಲಿ ಚೆನ್ನಾಗಿ ಗೊತ್ತಿರುವ ಸಂಗತಿ.

ಅಪಸ್ಮಾರಕ್ಕೂ (ಫಿಟ್ಸ್) ಕೊಡುವ ಮೂಡ್ ಸ್ಟೆಬಿಲೈಸರ್‌ಗಳನ್ನು, ಅಂದರೆ ಮನೋಸ್ಥಿತಿಯನ್ನು ಸ್ಥಿರವಾಗಿಡುವ ಔಷಧಗಳನ್ನು, ತೆಗೆದುಕೊಳ್ಳುವವರಲ್ಲಿ ತೊಗಟೆ ತೆಳುವಾಗಿ ಕಂಡಿದೆ. ಇದನ್ನು ಓದಿ ಯಾರೂ ಮಾತ್ರೆ ನಿಲ್ಲಿಸಬಾರದು. ಯಾರಿಗೆ ಯಾವ ಔಷಧ ಎಂದು ಚೀಟಿ ಎತ್ತಿ ಹಂಚಿದ ಅಧ್ಯಯನವಲ್ಲ ಅದು. ಲಿಥಿಯಂನಿಂದ ಗುಣ ಕಾಣದವರಿಗೆ, ಕಾಯಿಲೆ ಹೆಚ್ಚು ಹಟಮಾರಿಯಾದವರಿಗೆ ಆ ಔಷಧಗಳು ಹೋಗಿರುವ ಸಾಧ್ಯತೆ ಇದೆ. ದೇಹದ ತೂಕವೂ ಲೆಕ್ಕಕ್ಕೆ ಬರುತ್ತದೆ: ತೂಕ ಹೆಚ್ಚಿದ್ದವರಲ್ಲಿ ಕುಹರಗಳು ದೊಡ್ಡವು, ತೊಗಟೆ ತೆಳು. ಔಷಧದಿಂದ ತೂಕ ಏರುತ್ತಿದ್ದರೆ ಅದನ್ನು ಸಣ್ಣ ವಿಷಯವೆಂದು ಬಿಡದೆ ಮನೋವೈದ್ಯರ ಮುಂದಿಡಿ.

ಹಾಗಾದರೆ ಕಂಪ್ಯೂಟರಿಗೆ ಈ ಎಲ್ಲ ಅಳತೆಗಳನ್ನು ಕೊಟ್ಟು ಕಾಯಿಲೆ ಗುರುತಿಸಬಹುದಲ್ಲವೇ? 3,020 ಜನರ ಸ್ಕ್ಯಾನ್‌ಗಳ ಮೇಲೆ ಇದನ್ನು ಮಾಡಿ ನೋಡಿದರು. ಸರಿಯಾದ ಉತ್ತರ ಬಂದದ್ದು ಸುಮಾರು ಶೇ. 65. ತಾನು ಹಿಂದೆ ನೋಡಿರದ ಕೇಂದ್ರದ ಸ್ಕ್ಯಾನ್‌ಗಳನ್ನು ಕೊಟ್ಟಾಗ ಅದು ಶೇ. 59ರ ಹತ್ತಿರಕ್ಕೆ ಇಳಿಯಿತು. ನಾಣ್ಯ ಚಿಮ್ಮಿದರೆ ಬರುವುದಕ್ಕಿಂತ ಹೆಚ್ಚು, ಒಬ್ಬರ ಜೀವನದ ತೀರ್ಮಾನ ಮಾಡಲು ತೀರಾ ಕಡಿಮೆ. ರೋಗನಿರ್ಣಯದ ಅಧಿಕೃತ ಮಾನದಂಡಗಳಲ್ಲಿ ಮಿದುಳಿನ ಸ್ಕ್ಯಾನ್ ಇಲ್ಲದಿರುವುದು ಇದಕ್ಕೇ. ಸ್ಕ್ಯಾನ್ ನೋಡಿ ಬೈಪೋಲಾರ್ ಹೌದು ಅಥವಾ ಅಲ್ಲ ಎಂದು ಹೇಳುತ್ತೇವೆ ಎನ್ನುವವರಿಗೆ ಹಣ ಕೊಡಬೇಡಿ.

ಎಮ್‌ಆರ್‌ಐ ಬೇಕಾಗುವುದು ಬೈಪೋಲಾರನ್ನು ಖಚಿತಪಡಿಸಲು ಅಲ್ಲ, ಅದರ ವೇಷದಲ್ಲಿ ಬೇರೇನಾದರೂ ಬಂದಿದೆಯೇ ಎಂದು ನೋಡಲು. ಮೊದಲ ಉನ್ಮಾದ ನಡುವಯಸ್ಸು ದಾಟಿದ ಮೇಲೆ ಬಂದರೆ, ಜತೆಗೆ ಫಿಟ್ಸ್, ಹೊಸದಾಗಿ ಶುರುವಾದ ತೀವ್ರ ತಲೆನೋವು, ಕೈಕಾಲಿನ ಬಲಹೀನತೆ, ತಲೆಗೆ ಪೆಟ್ಟು, ಜ್ವರ, ದಿನದಿಂದ ದಿನಕ್ಕೆ ಹೆಚ್ಚುವ ಗೊಂದಲ ಇದ್ದರೆ ಸ್ಕ್ಯಾನ್ ಮಾಡಿಸಲೇಬೇಕು. ಗೆಡ್ಡೆ, ಪಾರ್ಶ್ವವಾಯು, ಮಲ್ಟಿಪಲ್ ಸ್ಕ್ಲೆರೋಸಿಸ್, ಮಿದುಳಿನ ಉರಿಯೂತ, ಮುಂಭಾಗದಿಂದ ಶುರುವಾಗುವ ಡಿಮೆನ್ಷಿಯಾ, ಇವೆಲ್ಲ ಉನ್ಮಾದದಂತೆ ತೋರಿಕೊಳ್ಳಬಲ್ಲವು. ಥೈರಾಯ್ಡ್ ಪರೀಕ್ಷೆ, ಸ್ಟೀರಾಯ್ಡ್ ಮಾತ್ರೆ ಮತ್ತು ಮಾದಕ ವಸ್ತುಗಳ ವಿಚಾರಣೆಯೂ ಅದರ ಜತೆಗೇ ಆಗಬೇಕು.

ಸ್ಕ್ಯಾನಿಗೆ ಹಾಕುವ ದುಡ್ಡು ಮತ್ತು ಆತಂಕವನ್ನು ಲಿಥಿಯಂನ ರಕ್ತಪರೀಕ್ಷೆಗೆ ಹಾಕಿದರೆ ಮಿದುಳಿಗೆ ಹೆಚ್ಚು ಉಪಕಾರ. ಶುರುಮಾಡುವ ಮೊದಲು ಮೂತ್ರಪಿಂಡ, ಥೈರಾಯ್ಡ್, ಕ್ಯಾಲ್ಸಿಯಂ, ತೂಕ ನೋಡಿಸಬೇಕು. ರಕ್ತವನ್ನು ಕೊನೆಯ ಮಾತ್ರೆ ನುಂಗಿ 12 ಗಂಟೆ ಆದ ಮೇಲೆ ಕೊಡಬೇಕು. ಬೆಳಗಿನ ಮಾತ್ರೆ ನುಂಗಿ ಲ್ಯಾಬಿಗೆ ಹೋದರೆ ಮಟ್ಟ ಸುಳ್ಳಾಗಿ ಹೆಚ್ಚು ಬರುತ್ತದೆ, ಡೋಸ್ ಅನವಶ್ಯಕವಾಗಿ ಇಳಿದು ಕಾಯಿಲೆ ಮರುಕಳಿಸಬಹುದು. ದೀರ್ಘಕಾಲದ ಚಿಕಿತ್ಸೆಯಲ್ಲಿ ಸಾಮಾನ್ಯ ಗುರಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್. ಡೋಸ್ ಬದಲಿಸಿದ ಒಂದು ವಾರಕ್ಕೆ ಮತ್ತೆ ಪರೀಕ್ಷೆ, ಮಟ್ಟ ನೆಲೆಗೊಂಡ ಮೇಲೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ. ಮೂತ್ರಪಿಂಡ ಮತ್ತು ಥೈರಾಯ್ಡ್ ಆರು ತಿಂಗಳಿಗೊಮ್ಮೆ. ವಾಂತಿ ಭೇದಿ, ಹೆಚ್ಚು ಬೆವರುವಿಕೆ, ಉಪ್ಪನ್ನು ಒಮ್ಮೆಗೇ ಬಿಡುವುದು, ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ, ರಕ್ತದೊತ್ತಡದ ಕೆಲವು ಮಾತ್ರೆಗಳು ಮಟ್ಟವನ್ನು ಅಪಾಯದ ಗೆರೆ ದಾಟಿಸಬಲ್ಲವು. ಕೈ ಜೋರಾಗಿ ನಡುಗುವುದು, ನಡೆಯುವಾಗ ತೂರಾಡುವುದು, ಮಾತು ತೊದಲುವುದು ಕಂಡರೆ ಮುಂದಿನ ಮಾತ್ರೆ ಕೊಡದೆ ಅಂದೇ ಆಸ್ಪತ್ರೆಗೆ ಹೋಗಬೇಕು. ವಿಷದ ಮಟ್ಟಕ್ಕೇರಿದ ಲಿಥಿಯಂ ಕಿರುಮಿದುಳಿಗೆ ಮಾಡುವ ಹಾನಿ ಕೆಲವರಲ್ಲಿ ಶಾಶ್ವತವಾಗಿ ಉಳಿದುಬಿಡುತ್ತದೆ. ಮಟ್ಟ ಸರಿಯಿದ್ದು, ಆರಾಮವಾಗಿದ್ದೇನೆ ಎಂಬ ಕಾರಣಕ್ಕೆ ನಿಲ್ಲಿಸುವ ಯೋಚನೆ ಬಂದರೆ ವೈದ್ಯರ ಜತೆ ಕೂತು ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಮೂರು ತಿಂಗಳಲ್ಲಿ ಹಂತ ಹಂತವಾಗಿ ಇಳಿಸಬೇಕು. ಒಮ್ಮೆಗೇ ಬಿಟ್ಟವರಲ್ಲಿ ಉನ್ಮಾದ ವಾರಗಳೊಳಗೆ ಮರಳಿ ಬರುವ ಅಪಾಯ ಹೆಚ್ಚು.